ಕೊಡುವ ಮೊದಲು ಏನು ಕೇಳಬೇಕು?

ಯಲಹಂಕದ ಹತ್ತಿರದ ಕೋಗಿಲು ಬಡಾವಣೆಗೆ 2025ರ ಡಿಸೆಂಬರ್ 20ರ ಮುಂಜಾನೆ ಜೆಸಿಬಿಗಳು ಬಂದವು. ವಸೀಂ ಲೇಔಟ್, ಫಕೀರ್ ಕಾಲನಿ ಎಂದು ಜನ ಕರೆಯುವ ಜಾಗದಲ್ಲಿ ನೂರೈವತ್ತಕ್ಕೂ ಹೆಚ್ಚು ಮನೆಗಳು ನೆಲಸಮವಾದವು. ಘನತ್ಯಾಜ್ಯ ಘಟಕಕ್ಕೆ ಮೀಸಲಿಟ್ಟ ಸರಕಾರಿ ಜಾಗದಲ್ಲಿ ಅಕ್ರಮವಾಗಿ ಕಟ್ಟಿದ ಮನೆಗಳು ಎಂಬುದು ಅಧಿಕಾರಿಗಳ ಮಾತು. ವರ್ಷಗಳಿಂದ ಇಲ್ಲೇ ಇದ್ದೇವೆ, ಮತದಾರರ ಚೀಟಿ ಇದೆ ಎಂಬುದು ಮನೆ ಕಳಕೊಂಡವರ ಮಾತು. ಅವರಲ್ಲಿ ಹೆಚ್ಚಿನವರು ಬಡ ಮುಸ್ಲಿಮರು. ಕೇರಳದ ಮುಖ್ಯಮಂತ್ರಿ ಟೀಕಿಸಿದರು, ನಮ್ಮ ಉಪಮುಖ್ಯಮಂತ್ರಿ ಉತ್ತರ ಕೊಟ್ಟರು. ಡಿಸೆಂಬರ್ 29ರಂದು ಮುಖ್ಯಮಂತ್ರಿ ಸಿದ್ದರಾಮಯ್ಯನವರು, ದಾಖಲೆ ಪರಿಶೀಲಿಸಿ ಅರ್ಹ ಕುಟುಂಬಗಳಿಗೆ ಬೈಯಪ್ಪನಹಳ್ಳಿಯಲ್ಲಿ ಮನೆ ಕೊಡುವುದಾಗಿ ಹೇಳಿದರು. ರಾಜಕೀಯದ ಈ ಭಾಗ ಎಲ್ಲರಿಗೂ ಗೊತ್ತು.

ನಾವು ಮಾತಾಡಬೇಕೆಂದಿರುವುದು ಅದರ ಪಕ್ಕದಲ್ಲೇ ನಡೆದ ಇನ್ನೊಂದು ಸಂಗತಿಯ ಬಗ್ಗೆ. ಆ ಚಳಿಯಲ್ಲಿ ಊಟ, ಕಂಬಳಿ ತೆಗೆದುಕೊಂಡು ಹೋದವರಿದ್ದರು. ಅದೇ ಹೊತ್ತಿಗೆ ನಮ್ಮ ವಾಟ್ಸ್ಆ್ಯಪ್ ಗುಂಪುಗಳಲ್ಲಿ ಒಂದು ಪ್ರಶ್ನೆ ಓಡಾಡಿತು: "ಅವರು ಬಾಂಗ್ಲಾದೇಶದವರಂತೆ, ಹೌದಾ?" ಹಣ ಎತ್ತುವವರಿಗೆ ಸಿಕ್ಕ ಮೊದಲ ಮಾತು ಎಷ್ಟು ಬೇಕು ಎಂಬುದಲ್ಲ, ಎಲ್ಲಿಯವರು ಎಂಬುದು. ಕೊಡುವ ಮನಸ್ಸಿದ್ದವರೂ ಕೈ ಸ್ವಲ್ಪ ಹಿಂದಕ್ಕೆ ಎಳೆದುಕೊಂಡರು. "ಉಸ್ತಾದರೇ, ಕೊಡುವುದಕ್ಕೆ ಏನೂ ಇಲ್ಲ. ಆದರೆ ನಾಳೆ ಏನಾದ್ರೂ ಆದ್ರೆ ನಮ್ಮ ಹೆಸರು ಬರ್ತದಾ?" ಎಂದು ಕೇಳಿದವರು ಒಬ್ಬಿಬ್ಬರಲ್ಲ.

ಈ ಪ್ರಶ್ನೆಯನ್ನು ತಮಾಷೆ ಮಾಡುವ ಹಾಗಿಲ್ಲ. ಹೆದರಿಕೆ ಸುಳ್ಳಲ್ಲ. ಆದರೆ ಹೆದರಿಕೆ ಹೇಳಿದ್ದನ್ನೆಲ್ಲ ಕೇಳಬೇಕೆಂದೂ ಇಲ್ಲ. ರಮಝಾನ್ ಬರುವ ಮೊದಲು ಮನೆಯಲ್ಲಿ ಕೂತು ಒಮ್ಮೆ ಬಿಡಿಸಿ ನೋಡುವುದು ಒಳ್ಳೆಯದು.

ಆರು ವರ್ಷದ ಹಿಂದೆ ಯಾರೂ ಕೇಳಲಿಲ್ಲ

2020ರ ಮೇ ತಿಂಗಳು ನೆನಪಿರಬಹುದು. ಲಾಕ್‌ಡೌನ್ ಆಗಿ ಕೆಲಸ ನಿಂತು, ಒಡಿಶಾ, ಬಿಹಾರ, ಜಾರ್ಖಂಡ್, ಬಂಗಾಳ, ಅಸ್ಸಾಮಿನ ಕಾರ್ಮಿಕರು ಊರಿಗೆ ಹೋಗಲು ರಸ್ತೆಗಿಳಿದಿದ್ದರು. ಮೇ 3ರಂದು ಬೆಂಗಳೂರಿನಿಂದ ಹೊರಟ ಮೊದಲ ಶ್ರಮಿಕ್ ರೈಲು ನಮ್ಮ ಉತ್ತರದ ಕಡೆಯ ಚಿಕ್ಕಬಾಣಾವರ ನಿಲ್ದಾಣದಿಂದಲೇ ಭುವನೇಶ್ವರಕ್ಕೆ ಹೋಯಿತು. ಎರಡು ದಿನ ಕಳೆದು, ಕಟ್ಟಡ ಉದ್ಯಮಿಗಳ ಜೊತೆ ಆಗಿನ ಮುಖ್ಯಮಂತ್ರಿಗಳ ಸಭೆ ಆದ ಮೇಲೆ, ರೈಲು ಬೇಡ ಎಂದು ಸರಕಾರ ಹೇಳಿತು. ದೇಶವೆಲ್ಲ ಛೀ ಎಂದ ಮೇಲೆ ರೈಲು ಮತ್ತೆ ಶುರುವಾಯಿತು.

ಆ ದಿನಗಳಲ್ಲಿ ಬೆಂಗಳೂರಿನ ಜನ ಕೊಟ್ಟದ್ದು ಸಣ್ಣದಲ್ಲ. ನಗರದ ಮುಸ್ಲಿಂ ಸೇವಾ ಸಂಸ್ಥೆಗಳು 'ಮರ್ಸಿ ಮಿಷನ್' ಎಂಬ ಹೆಸರಿನಲ್ಲಿ ಒಂದಾಗಿ ಊಟ, ರೇಷನ್, ಆಮ್ಲಜನಕ, ಮಯ್ಯಿತ್ ದಫನ, ಎಲ್ಲ ನೋಡಿಕೊಂಡವು. ಇಲ್ಲಿನ ನ್ಯಾಷನಲ್ ಲಾ ಸ್ಕೂಲಿನ ಹಳೆ ವಿದ್ಯಾರ್ಥಿಗಳು ಹಣ ಒಟ್ಟುಮಾಡಿ, ಮುಂಬೈಯಲ್ಲಿ ಸಿಕ್ಕಿಬಿದ್ದ ಕಾರ್ಮಿಕರನ್ನು ಮೇ 28ರಂದು ರಾಂಚಿಗೆ ವಿಮಾನದಲ್ಲೇ ಕಳಿಸಿದರು. ನಮ್ಮ ಹೋಟೆಲಿನವರು, ಬೇಕರಿಯವರು ಅಂಗಡಿ ಮುಚ್ಚಿದ್ದರೂ ಅಡುಗೆಮನೆ ತೆರೆದು ಪೊಟ್ಟಣ ಕಟ್ಟಿದರು. ಮನೆಯ ಹೆಂಗಸರು ಇಫ್ತಾರ್ ಅಡುಗೆಯ ಪಾತ್ರೆಯನ್ನು ಒಂದು ಸೈಜ್ ದೊಡ್ಡದು ಮಾಡಿದರು.

ಅವತ್ತು ಪೊಟ್ಟಣ ಕೊಡುವಾಗ ಯಾರಾದರೂ ಆಧಾರ್ ಕೇಳಿದ್ದುಂಟಾ? ರಸ್ತೆಯಲ್ಲಿ ನಡೆಯುತ್ತಿದ್ದವನು ಮುರ್ಶಿದಾಬಾದಿನವನೋ, ಗಡಿಯ ಆಚೆಯವನೋ ಎಂದು ಯೋಚಿಸಲು ಯಾರಿಗೂ ಪುರುಸೊತ್ತಿರಲಿಲ್ಲ. ಹಸಿವು ಎದುರಿಗೇ ಕಾಣುತ್ತಿತ್ತು. ಅದೇ ಸಾಕಾಗಿತ್ತು.

ಅಂದರೆ ನಮ್ಮ ಜನರ ಕೈ ಬಿಗಿ ಎಂದು ಹೇಳಲು ಬರುವುದಿಲ್ಲ. ಅಶೋಕ ವಿಶ್ವವಿದ್ಯಾಲಯದ ಕೇಂದ್ರವೊಂದು 2020-21ರ ಬಗ್ಗೆ ಮಾಡಿದ ಅಧ್ಯಯನದ ಪ್ರಕಾರ ಭಾರತದ ಮನೆಗಳು ಒಂದೇ ವರ್ಷದಲ್ಲಿ ಕೊಟ್ಟ ದಾನ ಸುಮಾರು 23,700 ಕೋಟಿ ರೂಪಾಯಿ. ಆದರೆ ಅದರ ದೊಡ್ಡ ಪಾಲು ಧಾರ್ಮಿಕ ಸಂಸ್ಥೆಗಳಿಗೆ ಹೋಯಿತು. ಧಾರ್ಮಿಕವಲ್ಲದ ಸೇವಾ ಸಂಸ್ಥೆಗಳಿಗೆ ಸಿಕ್ಕಿದ್ದು ನೂರಕ್ಕೆ ಐದರಷ್ಟು. ಎಲ್ಲ ಧರ್ಮದ ಮನೆಗಳ ಲೆಕ್ಕ ಇದು. ಗೊತ್ತಿರುವ ಕೈಗೆ, ಗೊತ್ತಿರುವ ಬಾಗಿಲಿಗೆ ಕೊಡುವುದು ಜನರ ರೂಢಿ. ಹೊರಗಿನಿಂದ ಬಂದವನಿಗೆ ಇಲ್ಲಿ ಗೊತ್ತಿರುವ ಬಾಗಿಲು ಇರುವುದಿಲ್ಲ. ಅವನ ಪರವಾಗಿ ಕೇಳುವ ಸಂಸ್ಥೆಗೆ ಮೊದಲೇ ಕಷ್ಟ. ಅದರ ಮೇಲೆ ಸಂಶಯ ಸೇರಿದರೆ ಆ ಐದರಲ್ಲೂ ಅವನ ಪಾಲು ಎಷ್ಟು ಉಳಿಯುತ್ತದೆ?

ಸಂಶಯದ ಲೆಕ್ಕ ತಪ್ಪಿದ ಕಡೆ

ಲಾಕ್‌ಡೌನಿಗೆ ಎರಡು ತಿಂಗಳ ಮೊದಲಿನ ಒಂದು ಘಟನೆ. 2020ರ ಜನವರಿಯಲ್ಲಿ, ನಗರದ ಪೂರ್ವಕ್ಕೆ ಬೆಳ್ಳಂದೂರು ಕಡೆಯ ಕರಿಯಮ್ಮನ ಅಗ್ರಹಾರದ ಗುಡಿಸಲುಗಳ ವೀಡಿಯೊ ಒಂದನ್ನು ಅಲ್ಲಿನ ಶಾಸಕರು ಹಂಚಿಕೊಂಡರು. ಅಲ್ಲಿರುವವರು ಅಕ್ರಮ ಬಾಂಗ್ಲಾದೇಶಿಗಳಾಗಿರಬಹುದು ಎಂಬುದು ಅದರ ಮಾತು. ಒಂದೇ ವಾರದಲ್ಲಿ ಗುಡಿಸಲುಗಳು ಉರುಳಿದವು. ಆಮೇಲೆ ನೋಡಿದರೆ ಅಲ್ಲಿದ್ದವರಲ್ಲಿ ನಮ್ಮದೇ ಉತ್ತರ ಕರ್ನಾಟಕದವರು, ಬಿಹಾರದವರು, ಅಸ್ಸಾಂ, ತ್ರಿಪುರಾದವರು ಇದ್ದರು. ಕೈಯಲ್ಲಿ ಆಧಾರ್, ಮತದಾರರ ಚೀಟಿ ಇತ್ತು. ಪಿಯುಸಿಎಲ್ ಹೈಕೋರ್ಟಿಗೆ ಹೋಯಿತು. ಮುಖ್ಯ ನ್ಯಾಯಮೂರ್ತಿ ಎ.ಎಸ್. ಓಕ ಅವರಿದ್ದ ಪೀಠ ತೆರವಿಗೆ ತಡೆ ಕೊಟ್ಟಿತು, ಮನೆ ಕಳಕೊಂಡವರಿಗೆ ಪುನರ್ವಸತಿ ಆಗಬೇಕೆಂದು ಸರಕಾರಕ್ಕೆ ಹೇಳಿತು.

ಕೊಪ್ಪಳದಿಂದ ಕೂಲಿಗೆ ಬಂದವನೂ ಸಂಶಯ ಬಂದಾಗ 'ಬಾಂಗ್ಲಾ' ಆಗಿಬಿಡುತ್ತಾನೆ. ಹಾಗಿರುವಾಗ ಬಂಗಾಳಿ ಮಾತಾಡುವ ಮುಸ್ಲಿಮನ ಗತಿ ಕೇಳಬೇಕಾ? ಬಂಗಾಳಿ ಭಾಷೆ ಪಶ್ಚಿಮ ಬಂಗಾಳದಲ್ಲೂ ಇದೆ, ತ್ರಿಪುರಾದಲ್ಲೂ ಇದೆ, ಅಸ್ಸಾಮಿನ ಬರಾಕ್ ಕಣಿವೆಯಲ್ಲೂ ಇದೆ, ಬಾಂಗ್ಲಾದೇಶದಲ್ಲೂ ಇದೆ. ಮಾತು ಕೇಳಿ ದೇಶ ಹೇಳಲು ಆಗುವುದಿಲ್ಲ. ಮಂಜೇಶ್ವರದ ಬ್ಯಾರಿಯ ಮಾತು ಕೇಳಿ, ಅವನು ಕರ್ನಾಟಕದವನೋ ಕೇರಳದವನೋ ಎಂದು ಗುಲ್ಬರ್ಗದವರಿಗೆ ಹೇಳಲು ಆಗುತ್ತದಾ? ಹಾಗೆಯೇ ಇದು.

ಅಸ್ಸಾಮಿನಿಂದ ಬಂದವರ ಸಂಕಟ ಬೇರೆ. 2019ರ ಆಗಸ್ಟ್ 31ರಂದು ಅಲ್ಲಿ ಎನ್‌ಆರ್‌ಸಿಯ ಕೊನೆಯ ಪಟ್ಟಿ ಬಂದಾಗ 19 ಲಕ್ಷ ಜನರ ಹೆಸರು ಹೊರಗುಳಿಯಿತು. ಹಿಂದೂಗಳೂ ಇದ್ದರು, ಮುಸ್ಲಿಮರೂ ಇದ್ದರು. ಒಂದೇ ಮನೆಯಲ್ಲಿ ತಂದೆಯ ಹೆಸರು ಒಳಗೆ, ಮಗನ ಹೆಸರು ಹೊರಗೆ ಆದದ್ದೂ ಉಂಟು. ಅಂಥ ಮನೆಯವರು ಬೆಂಗಳೂರಿಗೆ ಬಂದರೆ ಬಟ್ಟೆಯ ಚೀಲದ ಜೊತೆ ಒಂದು ಪ್ಲಾಸ್ಟಿಕ್ ಕವರಿನಲ್ಲಿ ಅಜ್ಜನ ಕಾಲದ ಕಾಗದವನ್ನೂ ತರುತ್ತಾರೆ. ಜೆಸಿಬಿ ಬಂದ ದಿನ ಮೊದಲು ಹುಡುಕುವುದು ಆ ಕವರನ್ನೇ.

ಹಾಗಾದರೆ ನಿಜವಾಗಿ ಹೊರದೇಶದಿಂದ ಬಂದವರು ಇಲ್ಲವೇ ಇಲ್ಲವಾ? ಇದ್ದಾರೆ. ಬರ್ಮಾದ ರೋಹಿಂಗ್ಯಾ ನಿರಾಶ್ರಿತರು ಬೆಂಗಳೂರಿನಲ್ಲಿ ಇದ್ದಾರೆ. 2021ರ ಅಕ್ಟೋಬರಿನಲ್ಲಿ ಕರ್ನಾಟಕ ಸರಕಾರ ಸುಪ್ರೀಂ ಕೋರ್ಟಿಗೆ ಕೊಟ್ಟ ಲೆಕ್ಕದಲ್ಲಿ ನಗರದಲ್ಲಿ ಗುರುತಿಸಿದ ರೋಹಿಂಗ್ಯಾಗಳ ಸಂಖ್ಯೆ 72. ಎಪ್ಪತ್ತೆರಡೇ. ಅನುಮತಿ ಇಲ್ಲದೆ ಬಂದ ಬಾಂಗ್ಲಾದೇಶಿಗಳನ್ನು ಪೊಲೀಸರು ಆಗಾಗ ಹಿಡಿದ ಸುದ್ದಿಯೂ ಬರುತ್ತದೆ. ಅದನ್ನು ಮುಚ್ಚಿಟ್ಟು ಮಾತಾಡಬೇಕಿಲ್ಲ. ಆದರೆ ಕೆಲವರಿಗಾಗಿ ಚಿಂದಿ ಆಯುವವರು, ಮೇಸ್ತ್ರಿ ಕೈಕೆಳಗಿನ ಹುಡುಗರು, ಮನೆಗೆಲಸದ ಹೆಂಗಸರು ಎಲ್ಲರ ಮೇಲೂ ಸಂಶಯದ ಬಲೆ ಬೀಸಿದರೆ, ಆ ಬಲೆಗೆ ಸಿಗುವವರಲ್ಲಿ ಹೆಚ್ಚಿನವರು ಈ ದೇಶದವರೇ.

ಕಾನೂನು ಯಾರ ಬಾಗಿಲಲ್ಲಿ ಕೇಳುತ್ತದೆ?

ಈಗ ಹೆದರಿಕೆಯ ವಿಷಯಕ್ಕೆ ಬರೋಣ. 2025ರ ಸೆಪ್ಟೆಂಬರ್ 1ರಿಂದ ಹೊಸ ವಲಸೆ ಮತ್ತು ವಿದೇಶಿಯರ ಕಾಯ್ದೆ ಜಾರಿಯಲ್ಲಿದೆ. 1946ರ ವಿದೇಶಿಯರ ಕಾಯ್ದೆ ಸೇರಿ ನಾಲ್ಕು ಹಳೆಯ ಕಾಯ್ದೆಗಳ ಜಾಗಕ್ಕೆ ಇದು ಬಂದಿದೆ. ವಿದೇಶಿಯರಿಗೆ ವಾಸಕ್ಕೆ ಜಾಗ ಕೊಡುವವರು, ಅವರನ್ನು ಸೇರಿಸಿಕೊಳ್ಳುವ ಶಿಕ್ಷಣ ಸಂಸ್ಥೆಗಳು, ಚಿಕಿತ್ಸೆ ಕೊಡುವ ಆಸ್ಪತ್ರೆಗಳು ಅಧಿಕಾರಿಗೆ ಮಾಹಿತಿ ಕೊಡಬೇಕು ಎಂದು ಅದರಲ್ಲಿದೆ. ನಮ್ಮಲ್ಲಿ ಥಣಿಸಂದ್ರ, ಹೆಗಡೆನಗರ, ಆರ್.ಟಿ. ನಗರದ ಕಡೆ ಬಾಡಿಗೆ ಮನೆ, ಶೆಡ್, ಪಿಜಿ ಇಟ್ಟುಕೊಂಡವರು ಇದ್ದಾರೆ. ಹಾಸ್ಟೆಲ್ ಇರುವ ಸಂಸ್ಥೆಗಳಿವೆ. ಅವರು ಈ ನಿಯಮ ತಿಳಿದುಕೊಂಡು ನಡೆಯಲೇಬೇಕು. ಬಾಡಿಗೆಗೆ ಕೊಡುವಾಗ ಗುರುತಿನ ಚೀಟಿ ತೆಗೆದುಕೊಳ್ಳುವುದು, ಕರಾರು ಮಾಡುವುದು ದಯೆಗೆ ವಿರುದ್ಧವಲ್ಲ. ಬಾಡಿಗೆದಾರನಿಗೂ ಅದರಿಂದ ರಕ್ಷಣೆಯೇ.

ಆದರೆ ಹಸಿದವನಿಗೆ ಊಟ ಕೊಡುವವನು, ಚಳಿಗೆ ಕಂಬಳಿ ಕೊಡುವವನು, ನೋಂದಾಯಿತ ಸಂಸ್ಥೆಗೆ ರಸೀದಿ ಪಡೆದು ಐನೂರು ರೂಪಾಯಿ ಕೊಡುವವನು ಬಾಡಿಗೆ ಮಾಲೀಕನಲ್ಲ. ಕಾಗದ ಪರೀಕ್ಷಿಸುವ ಕೆಲಸ ಅವನಿಗೆ ಯಾರೂ ಒಪ್ಪಿಸಿಲ್ಲ. ನಮ್ಮ ಸಂವಿಧಾನದ 21ನೇ ವಿಧಿ ಜೀವದ ರಕ್ಷಣೆಯನ್ನು ಪ್ರಜೆಗಳಿಗೆ ಮಾತ್ರ ಎಂದು ಹೇಳದೆ ಎಲ್ಲ ವ್ಯಕ್ತಿಗಳಿಗೂ ಕೊಟ್ಟಿದೆ. ಅರುಣಾಚಲದ ಚಕ್ಮಾ ನಿರಾಶ್ರಿತರ ಪ್ರಕರಣದಲ್ಲಿ 1996ರಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಸ್ಪಷ್ಟಪಡಿಸಿತು. ಅದೇ ಕೋರ್ಟ್ 2021ರ ಏಪ್ರಿಲಿನಲ್ಲಿ, ಜಮ್ಮುವಿನ ರೋಹಿಂಗ್ಯಾಗಳ ಪ್ರಕರಣದಲ್ಲಿ, ಗಡೀಪಾರಾಗದೆ ಉಳಿಯುವ ಹಕ್ಕು ಪ್ರಜೆಗಳಿಗೆ ಸೇರಿದ್ದು ಎಂದೂ ಹೇಳಿತು. ಎರಡನ್ನೂ ಒಟ್ಟಿಗೆ ಓದಿದರೆ ತಿಳಿಯುತ್ತದೆ: ಯಾರು ಇಲ್ಲಿ ಉಳಿಯಬೇಕು, ಯಾರು ಹೋಗಬೇಕು ಎಂಬುದನ್ನು ಸರಕಾರ, ಕೋರ್ಟ್ ನೋಡಿಕೊಳ್ಳುತ್ತವೆ. ಇರುವಷ್ಟು ದಿನ ಅವನು ಹಸಿವಿನಿಂದ ಸಾಯಬಾರದು ಎಂಬುದು ಎಲ್ಲರ ಹೊಣೆ.

ಹಿಂದೆ ಈ ದೇಶ ಇದನ್ನು ಮಾಡಿ ತೋರಿಸಿದೆ. 1960ರ ಹೊತ್ತಿಗೆ ಮೈಸೂರು ಸರಕಾರ ಟಿಬೆಟಿನಿಂದ ಬಂದವರಿಗೆ ಬೈಲಕುಪ್ಪೆಯಲ್ಲಿ ಸಾವಿರಾರು ಎಕರೆ ಕೊಟ್ಟಿತು. 1971ರಲ್ಲಿ ಪೂರ್ವ ಪಾಕಿಸ್ತಾನದಿಂದ ಸುಮಾರು ಒಂದು ಕೋಟಿ ಜನ ಓಡಿ ಬಂದಾಗ, ಆ ವರ್ಷದ ನವೆಂಬರ್ 15ರಿಂದ ಕಾಗದ ಕಳಿಸುವ ಪ್ರತಿಯೊಬ್ಬ ಭಾರತೀಯನೂ ಐದು ಪೈಸೆಯ ನಿರಾಶ್ರಿತರ ಪರಿಹಾರ ಅಂಚೆಚೀಟಿ ಹೆಚ್ಚಿಗೆ ಅಂಟಿಸಬೇಕಿತ್ತು. 1973ರ ಮಾರ್ಚ್ ಕೊನೆಯವರೆಗೂ ಅದು ನಡೆಯಿತು. ಮುಂಬೈಯಲ್ಲಿದ್ದ ಮಗ ಉಳ್ಳಾಲದ ಉಮ್ಮನಿಗೆ ಬರೆದ ಕಾಗದದ ಮೇಲೂ ಆ ಐದು ಪೈಸೆ ಇತ್ತು. ಅವತ್ತಿನ ನಿರಾಶ್ರಿತರ ಕೆಲವು ಕುಟುಂಬಗಳು ಇವತ್ತಿಗೂ ರಾಯಚೂರಿನ ಸಿಂಧನೂರಿನ ಕ್ಯಾಂಪುಗಳಲ್ಲಿ ಭತ್ತ ಬೆಳೆಯುತ್ತಿವೆ. ಬಡ ದೇಶವೊಂದು ಐದೈದು ಪೈಸೆ ಸೇರಿಸಿ ಮಾಡಿದ ಕೆಲಸ ಅದು.

ದರ್ಸಿನ ಕಿತಾಬು ಹೇಳುವುದೇನು?

ನಾವು ಶಾಫಿಈಗಳು. ಇಮಾಮ್ ನವವಿಯವರ 'ಮಿನ್ಹಾಜ್' ನಮ್ಮ ದರ್ಸುಗಳಿಗೆ ಹೊಸತಲ್ಲ. ಹದಿಮೂರನೇ ಶತಮಾನದ ಆ ಕಿತಾಬಿನಲ್ಲಿ, ಝಕಾತ್ ಕೇಳಿ ಬಂದವನಲ್ಲಿ ಸಾಕ್ಷಿ ಕೇಳಬೇಕೇ ಎಂಬ ಪ್ರಶ್ನೆಗೆ ನೇರ ಉತ್ತರವಿದೆ. ಅದನ್ನು ಇವತ್ತಿನ ಮಾತಿನಲ್ಲಿ ಹೇಳುವುದಾದರೆ ಹೀಗೆ.

ನಾನು ಬಡವ ಎಂದು ಒಬ್ಬ ಹೇಳಿದರೆ ಅವನಲ್ಲಿ ಸಾಕ್ಷಿ ಕೇಳುವಂತಿಲ್ಲ. ಅವನಿಗೆ ಆಸ್ತಿ ಇತ್ತೆಂದು ಗೊತ್ತಿದ್ದು, ಅದು ಹಾಳಾಯಿತು ಎಂದು ಅವನು ಹೇಳಿದರೆ ಮಾತ್ರ ಸಾಕ್ಷಿ ಬೇಕು. ದಾರಿಯಲ್ಲಿ ಸಿಕ್ಕಿಬಿದ್ದ ಪ್ರಯಾಣಿಕ, ಅಂದರೆ ಇಬ್ನು ಸಬೀಲ್, ಅವನ ಬಾಯಿಮಾತೇ ಸಾಕು. ಆದರೆ ಸಾಲದಲ್ಲಿದ್ದೇನೆ ಎಂದು ಬಂದವನು ಸಾಕ್ಷಿ ಕೊಡಬೇಕು. ಝಕಾತ್ ವಸೂಲಿ ಮಾಡುವ ಕೆಲಸದವನು ನಾನು ಎಂದು ಬಂದವನೂ ಕೊಡಬೇಕು.

ಎಷ್ಟು ಸೂಕ್ಷ್ಮವಾಗಿ ನೋಡಿದ್ದಾರೆ! ಮೋಸದ ಸಾಧ್ಯತೆ ಆ ಉಲಮಾಗಳಿಗೆ ಗೊತ್ತಿರಲಿಲ್ಲ ಎಂದಲ್ಲ. ಬಡತನಕ್ಕೆ ಕಾಗದ ಇರುವುದಿಲ್ಲ ಎಂಬುದೂ ಅವರಿಗೆ ಗೊತ್ತಿತ್ತು. ಹಣ ಎತ್ತುವವನಿಗೆ ಮಾತ್ರ ಕಾಗದ ಇರಲೇಬೇಕು. ನಾವು ಈಗ ಮಾಡುತ್ತಿರುವುದು ಇದರ ತಿರುವುಮುರುವು. ಬಡವನ ಆಧಾರ್ ಕೇಳುತ್ತೇವೆ, ಹಣ ಎತ್ತುವವನ ಲೆಕ್ಕ ಕೇಳಲು ಸಂಕೋಚಪಡುತ್ತೇವೆ.

ಸೂರಾ ತೌಬಾದಲ್ಲಿ ಬರುವ ಎಂಟು ವರ್ಗಗಳನ್ನು ಮಕ್ಕಳಿಗೆ ಬಾಯಿಪಾಠ ಮಾಡಿಸುತ್ತೇವೆ. ಅದನ್ನು ನಮ್ಮ ಬೀದಿಗೆ ಹೊಂದಿಸಿ ನೋಡಿದರೆ, 2020ರಲ್ಲಿ ನಡೆದು ಹೋದವನು ಇಬ್ನು ಸಬೀಲ್. ಹತ್ತು ವರ್ಷದಿಂದ ಹೆಬ್ಬಾಳದ ಆಚೆ ಶೆಡ್ಡಿನಲ್ಲಿ ಪ್ಲಾಸ್ಟಿಕ್ ವಿಂಗಡಿಸುವವನು ಈಗ ಪ್ರಯಾಣಿಕನಲ್ಲ. ಅವನು ಫಕೀರ್ ಅಥವಾ ಮಿಸ್ಕೀನ್ ಪಟ್ಟಿಗೆ ಬರುತ್ತಾನೆ. ಮುಸ್ಲಿಮನಾದರೆ ಝಕಾತ್ ಸಲ್ಲುತ್ತದೆ. ಅದೇ ಶೆಡ್ಡಿನ ಪಕ್ಕದಲ್ಲಿರುವ ರಾಯಚೂರಿನ ಹಿಂದೂ ಕುಟುಂಬಕ್ಕೆ, ಒಡಿಶಾದ ಕ್ರೈಸ್ತ ಹುಡುಗನಿಗೆ ಸದಕಾ ಇದೆ. ಸದಕಾಕ್ಕೆ ಧರ್ಮದ ಗಡಿ ಇಲ್ಲ. ಎರಡೂ ಕಿಸೆ ನಮ್ಮಲ್ಲಿ ಇರುವಾಗ ಯಾರನ್ನೂ ಬರಿಗೈಯಲ್ಲಿ ಕಳಿಸುವ ಅಗತ್ಯ ಬೀಳುವುದಿಲ್ಲ.

ನಮ್ಮ ಝಕಾತ್ ಯಾವ ಊರಿನದು?

ಬೆಂಗಳೂರಿನ ಬ್ಯಾರಿಗಳಿಗೆ ಇನ್ನೊಂದು ವಿಷಯ ಹೇಳಲೇಬೇಕು. ನಮ್ಮಲ್ಲಿ ಹೆಚ್ಚಿನ ಮನೆಗಳ ಝಕಾತ್ ರಮಝಾನಿನಲ್ಲಿ ಘಟ್ಟ ಇಳಿಯುತ್ತದೆ. ಬಂಟ್ವಾಳ, ಪುತ್ತೂರು, ಬೆಳ್ತಂಗಡಿ, ಉಳ್ಳಾಲದ ಕಡೆಗೆ. ಅಲ್ಲಿ ಸಂಬಂಧಿಕರಿದ್ದಾರೆ, ಗೊತ್ತಿರುವ ಯತೀಮರಿದ್ದಾರೆ, ಮದುವೆಗೆ ಬಂದ ಹೆಣ್ಣುಮಕ್ಕಳಿದ್ದಾರೆ. ಪ್ರೀತಿ ಇರುವ ಕಡೆ ಹಣ ಹೋಗುವುದು ಸಹಜ.

ಆದರೆ ಶಾಫಿಈ ಮದ್‌ಹಬಿನ ಪ್ರಬಲ ಅಭಿಪ್ರಾಯದಲ್ಲಿ ಝಕಾತ್ ಸಲ್ಲಬೇಕಾದದ್ದು ಸಂಪತ್ತು ಇರುವ ಊರಿನ ಬಡವರಿಗೆ. ಯಶವಂತಪುರದ ಅಂಗಡಿಯಲ್ಲಿರುವ ಸರಕಿನ ಝಕಾತಿಗೆ ಮೊದಲ ಹಕ್ಕು ಇಲ್ಲಿನ ಬಡವನದು. ಫಿತ್ರ್ ಝಕಾತ್ ಅಂತೂ ಕೊನೆಯ ನೋಂಬಿನ ಸೂರ್ಯ ಮುಳುಗುವಾಗ ನಾವು ಎಲ್ಲಿದ್ದೇವೋ ಆ ಊರಿನ ಬಡವನಿಗೆ ಸೇರಿದ ಅಕ್ಕಿ. ಬೇರೆ ಊರಿಗೆ ಕಳಿಸಬಹುದು ಎಂಬ ಅಭಿಪ್ರಾಯವೂ ಉಲಮಾಗಳಲ್ಲಿದೆ. ಅವರವರ ಖತೀಬರಲ್ಲಿ, ಖಾಝಿಗಳಲ್ಲಿ ಕೇಳಿ ನಡೆಯಿರಿ. ಊರಿನ ಬಡವರನ್ನು ಮರೆಯಿರಿ ಎಂದು ನಾವು ಖಂಡಿತ ಹೇಳುವುದಿಲ್ಲ. ಅವರಿಗೆ ಸದಕಾ ಕೊಡುವ ದಾರಿ ವರ್ಷವಿಡೀ ತೆರೆದಿದೆ.

ನಾವು ಹೇಳುವುದು ಇಷ್ಟೇ. ಬೆಂಗಳೂರಿನಲ್ಲಿ ದುಡಿದು, ಬೆಂಗಳೂರಿನ ಬಡವರು ನಮಗೆ ಗೊತ್ತಿಲ್ಲ ಎನ್ನುವುದು ಉತ್ತರವಾಗುವುದಿಲ್ಲ. ಈ ಊರಿನ ಬಡವರು ಯಾರು? ಥಣಿಸಂದ್ರದಲ್ಲಿ ನಮ್ಮ ಮನೆಯ ಕಸ ತೆಗೆಯುವವನು, ನಾಲ್ಕನೇ ಮಹಡಿಗೆ ಇಟ್ಟಿಗೆ ಹೊತ್ತವನು, ನಮ್ಮ ಹೋಟೆಲಿನ ಹಿಂದಿನ ಬಾಗಿಲಲ್ಲಿ ಪಾತ್ರೆ ತೊಳೆಯುವ ಹುಡುಗ. ಹೆಚ್ಚಿನವರು ಹೊರಗಿನಿಂದ ಬಂದವರು. ಅವರನ್ನು ಬಿಟ್ಟರೆ ಇಲ್ಲಿನ ಝಕಾತಿಗೆ ಹಕ್ಕುದಾರರು ಎಷ್ಟು ಜನ ಉಳಿಯುತ್ತಾರೆ ಎಂದು ಎಣಿಸಿ ನೋಡಿ.

ಸಂಸ್ಥೆಯವರಲ್ಲಿ ಕೇಳಬೇಕಾದದ್ದು

ಕೇಳುವುದೇ ತಪ್ಪು ಎಂದು ನಾವು ಹೇಳುತ್ತಿಲ್ಲ. ಕೇಳಬೇಕು, ಆದರೆ ಸರಿಯಾದ ಬಾಗಿಲಲ್ಲಿ. ಹಣ ಕೇಳಿ ಬರುವ ಸಂಸ್ಥೆಯವರಲ್ಲಿ ಇವನ್ನು ಕೇಳಿ: ನಿಮ್ಮ ಟ್ರಸ್ಟ್ ನೋಂದಣಿ ಆಗಿದೆಯಾ? ಹಣ ಟ್ರಸ್ಟಿನ ಖಾತೆಗೆ ಹೋಗುತ್ತದಾ, ಯಾರದೋ ಸ್ವಂತ ಫೋನ್ ನಂಬರಿಗಾ? ರಸೀದಿ ಕೊಡುತ್ತೀರಾ? ಹೋದ ವರ್ಷದ ಲೆಕ್ಕಪರಿಶೋಧನೆ ಆಗಿದೆಯಾ? ಝಕಾತ್ ಮತ್ತು ಸದಕಾವನ್ನು ಬೇರೆ ಬೇರೆ ಇಡುತ್ತೀರಾ? ದಾನಕ್ಕೆ ಆದಾಯ ತೆರಿಗೆಯ ವಿನಾಯಿತಿ ಬೇಕಾದವರು ಇನ್ನೊಂದು ನೆನಪಿಡಬೇಕು. ಎರಡು ಸಾವಿರ ರೂಪಾಯಿಗಿಂತ ಹೆಚ್ಚನ್ನು ನಗದಾಗಿ ಕೊಟ್ಟರೆ ವಿನಾಯಿತಿ ಸಿಗುವುದಿಲ್ಲ, ಬ್ಯಾಂಕಿನ ಮೂಲಕವೇ ಕೊಡಬೇಕು. ಬ್ಯಾಂಕಿನಲ್ಲಿ ಹೆಸರು ಬರುತ್ತದಲ್ಲ ಎಂದು ಹೆದರುವವರಿಗೆ ನಮ್ಮ ಮಾತು: ಹೆಸರು, ರಸೀದಿ, ಲೆಕ್ಕ ಇರುವ ದಾನವೇ ನಾಳೆ ಪ್ರಶ್ನೆ ಬಂದಾಗ ನಿಮ್ಮ ಪರವಾಗಿ ಮಾತಾಡುವುದು. ಕತ್ತಲಲ್ಲಿ ಕೈಬದಲಾದ ನಗದಿಗೆ ಬಾಯಿ ಇಲ್ಲ.

ಕೊಟ್ಟ ಹಣ ಯಾವುದಕ್ಕೆ ಎಂಬುದನ್ನೂ ತಿಳಿದುಕೊಳ್ಳಿ. ಊಟದ ಪೊಟ್ಟಣದ ಫೋಟೊಗೆ ಹಣ ಬೇಗ ಸೇರುತ್ತದೆ. ಫೋಟೊ ತೆಗೆಯಲು ಆಗದ ಕೆಲಸಗಳಿಗೆ ಹಣ ಸಿಗುವುದಿಲ್ಲ. ಕಳೆದುಹೋದ ಆಧಾರ್ ಮತ್ತೆ ಮಾಡಿಸುವುದು, 'ಒಂದು ದೇಶ ಒಂದು ರೇಷನ್ ಕಾರ್ಡ್' ಯೋಜನೆಯಲ್ಲಿ ಊರಿನ ಕಾರ್ಡಿಗೆ ಇಲ್ಲೇ ಅಕ್ಕಿ ಕೊಡಿಸುವುದು, ಇ-ಶ್ರಮ್‌ನಲ್ಲಿ ಹೆಸರು ಸೇರಿಸುವುದು, ಮಕ್ಕಳನ್ನು ಹತ್ತಿರದ ಸರಕಾರಿ ಶಾಲೆಗೆ ಸೇರಿಸುವುದು, ವಕೀಲರ ಖರ್ಚು, ಸತ್ತವರ ಶವವನ್ನು ಬಂಗಾಳಕ್ಕೋ ಬಿಹಾರಕ್ಕೋ ಕಳಿಸುವ ಖರ್ಚು. ಒಂದು ಕುಟುಂಬ ಮುಂದಿನ ತಿಂಗಳು ಮತ್ತೆ ಕೈಚಾಚದಂತೆ ಮಾಡುವುದು ಇವೇ ಕೆಲಸಗಳು. ಶಾಫಿಈ ಫಿಖ್ಹ್ ಪ್ರಕಾರ ಝಕಾತ್ ಹಕ್ಕುದಾರನ ಕೈಗೇ ಸೇರಬೇಕು. ಅದನ್ನು ಕಚೇರಿ ಬಾಡಿಗೆಗೆ, ಸಿಬ್ಬಂದಿ ಸಂಬಳಕ್ಕೆ ಬಳಸಲು ಬರುವುದಿಲ್ಲ. ಆದ್ದರಿಂದ ಇಂಥ ಕೆಲಸಕ್ಕೆ ಸದಕಾ ಎಂದು ಹೇಳಿಯೇ ಕೊಡಿ. ತಿಂಗಳಿಗೆ ಇನ್ನೂರು ರೂಪಾಯಿ ಆದರೂ ಸರಿ. ವರ್ಷಕ್ಕೊಮ್ಮೆ ಬರುವ ದೊಡ್ಡ ಮೊತ್ತಕ್ಕಿಂತ ತಿಂಗಳು ತಪ್ಪದೆ ಬರುವ ಚಿಕ್ಕ ಮೊತ್ತ ಸಂಸ್ಥೆಯನ್ನು ನಡೆಸುತ್ತದೆ.

ನಮ್ಮಲ್ಲೂ 'ಖಲ್ಲಿವಲ್ಲಿ'ಗಳಿದ್ದರು

ಕೊನೆಗೆ, ನಾವೇ ಹೊರಗಿನವರಾಗಿದ್ದ ಊರುಗಳ ಮಾತು. ಗಲ್ಫಿನಲ್ಲಿ ಒಬ್ಬರಾದರೂ ದುಡಿಯದ ಬ್ಯಾರಿ ಮನೆ ಹುಡುಕುವುದು ಕಷ್ಟ. ಅಲ್ಲಿ ಕಫೀಲ್‌ನನ್ನು ಬಿಟ್ಟು ಹೊರಗೆ ಕೆಲಸ ಮಾಡುತ್ತಿದ್ದವರಿಗೆ, ಇಖಾಮ ಮುಗಿದವರಿಗೆ ನಾವೇ ಇಟ್ಟ ಹೆಸರು 'ಖಲ್ಲಿವಲ್ಲಿ'. ಕಾನೂನಿನ ಕಣ್ಣಲ್ಲಿ ಅವರು ಅಕ್ರಮ. ನಮಗೆ ಅವರು ಯಾರದೋ ಮಗ, ಯಾರದೋ ಅಳಿಯ. 2013ರಲ್ಲಿ ಸೌದಿಯಲ್ಲಿ ನಿತಾಕಾತ್ ಬಿಗಿಯಾಗಿ, ಕಾಗದ ಸರಿಪಡಿಸಿಕೊಳ್ಳಲು ಗಡುವು ಕೊಟ್ಟಾಗ, ರೂಮಿನಲ್ಲಿ ಜಾಗ ಕೊಟ್ಟವರು, ಟಿಕೆಟಿಗೆ ಹಣ ಎತ್ತಿದವರು, ಎಂಬಸಿಯ ಸಾಲಿನಲ್ಲಿ ಜೊತೆಗೆ ನಿಂತವರು ಯಾರು? ಅಲ್ಲಿನ ನಮ್ಮ ಸಂಘಟನೆಗಳು, ಮಲಯಾಳಿ ಸಂಘಟನೆಗಳು, ಕೆಲವೊಮ್ಮೆ ಹೆಸರು ಗೊತ್ತಿಲ್ಲದ ಅರಬಿ ಮನೆಯವರು. 2020ರ ಮೇ 12ರಂದು ದುಬೈಯಿಂದ ಮಂಗಳೂರಿಗೆ ಮೊದಲ ವಿಮಾನ ಬಂತು. ಅದಕ್ಕೆ ಮೊದಲು ತಿಂಗಳುಗಟ್ಟಲೆ ಕೆಲಸವಿಲ್ಲದೆ ಕೂತವರಿಗೆ ಅಕ್ಕಿ ತಲುಪಿಸಿದವರೂ ಅಂಥವರೇ.

ಅವರು ನಮ್ಮವರಲ್ಲಿ ಮೊದಲು ಕಾಗದ ಕೇಳಿದ್ದರೆ ಎಷ್ಟೋ ಮನೆಗಳ ಕಥೆ ಬೇರೆಯಾಗುತ್ತಿತ್ತು. ಊಟ ಕೊಟ್ಟರು, ಕಾಗದ ಸರಿ ಮಾಡಲು ದಾರಿ ತೋರಿಸಿದರು. ಕಾನೂನು ಮುರಿಯಲು ಹೇಳಿಕೊಡಲಿಲ್ಲ, ಕಾನೂನಿನ ಬಾಗಿಲವರೆಗೆ ಕೈಹಿಡಿದು ನಡೆಸಿದರು. ಬೆಂಗಳೂರಿನಲ್ಲಿ ನಮ್ಮಿಂದ ಬೇಕಾದದ್ದೂ ಇಷ್ಟೇ.

ಉತ್ತರ ಬೆಂಗಳೂರಿನ ಜಮಾಅತ್ ಕಮಿಟಿಗಳಿಗೆ ನಮ್ಮದೊಂದು ವಿನಂತಿ. ರಮಝಾನಿಗೆ ಮೊದಲು ಮಸೀದಿಯ ಒಂದು ಕಿಲೋಮೀಟರ್ ಸುತ್ತ ಎಷ್ಟು ಶೆಡ್ಡುಗಳಿವೆ, ಎಷ್ಟು ಕುಟುಂಬಗಳಿವೆ, ಎಷ್ಟು ಮಕ್ಕಳು ಶಾಲೆಗೆ ಹೋಗುತ್ತಿಲ್ಲ ಎಂಬ ಪಟ್ಟಿ ಮಾಡಿ. ಯಾವ ದೇಶ ಎಂಬ ಕಾಲಂ ಅದರಲ್ಲಿ ಬೇಡ, ಆ ಕಾಲಂ ತುಂಬಲು ಬೇರೆ ಇಲಾಖೆಗಳಿವೆ. ಏನು ಕೊರತೆ ಎಂಬ ಕಾಲಂ ಇರಲಿ. ವಕೀಲರೊಬ್ಬರ, ಆಧಾರ್ ಕೇಂದ್ರ ಗೊತ್ತಿರುವ ಹುಡುಗರಿಬ್ಬರ ಫೋನ್ ನಂಬರ್ ಪಟ್ಟಿಯ ಕೆಳಗೆ ಬರೆದಿಡಿ. ಬಂದ ಹಣ, ಹೋದ ಹಣದ ಲೆಕ್ಕವನ್ನು ಪೆರ್ನಾಳ್ ಕಳೆದ ಮೊದಲ ಜುಮಾದಂದು ನೋಟಿಸ್ ಬೋರ್ಡಿಗೆ ಹಾಕಿ.

ಮನೆಯಲ್ಲಿ ಝಕಾತ್ ಲೆಕ್ಕ ಹಾಕುವಾಗ ಊರಿಗೆ ಎಷ್ಟು, ಇಲ್ಲಿಗೆ ಎಷ್ಟು ಎಂದು ಮಕ್ಕಳನ್ನೂ ಕೂರಿಸಿಕೊಂಡು ಮಾತಾಡಿ. ಮನೆಗೆಲಸಕ್ಕೆ ಬರುವವಳ ಮಗು ಯಾವ ಕ್ಲಾಸ್ ಎಂದು ಒಮ್ಮೆ ಕೇಳಿ. ಕೊಡುವ ಮೊದಲು ಬಡವನಲ್ಲಿ ಕೇಳಬೇಕಾದ ಪ್ರಶ್ನೆ ಒಂದಿದೆ: ಊಟ ಆಯ್ತಾ?